ಆಯುಧಪೂಜೆಯ ಹಾರ

ಹೊನ್ನಾವರದ ಟ್ಯಾಕ್ಸಿ ಚಾಲಕ ಅಣ್ಣಪ್ಪನ ಬಾಯಿಗೆ ಹೆದರದವರಿಲ್ಲ. ಆಯುಧಪೂಜೆಗೆ ಕಾರಿಗೆ ಕಟ್ಟಿದ ಹಾರ ತಾನಾಗಿ ಉದುರಬೇಕು, ಕೈಯಿಂದ ಕೀಳಬಾರದು ಎಂಬುದು ಅವನ ಹಟ. ಈ ಸಲ ಹೆಂಡತಿ ಹೊನ್ನಮ್ಮ ತನ್ನ ನರೆತ ಕೂದಲು ಒಣಗಿಸುತ್ತ ಕೂತು ಬಾಳೆನಾರಿನಲ್ಲಿ ದಪ್ಪಗೆ ಸೇವಂತಿಗೆ ಕಟ್ಟಿಕೊಟ್ಟಿದ್ದಳು. ದೀಪಾವಳಿಗೆ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು. ಕಾರಿನ ಮೂತಿಯ ಮೇಲೆ ಹಾರ ಮಾತ್ರ ಒಣಗುತ್ತ ಉಳಿಯಿತು.

ಆಮೇಲೆ ಕಾರೂ ಮುನಿಸಿಕೊಂಡಿತು. ಇವತ್ತಂತೂ ಹೆದ್ದಾರಿಯಲ್ಲಿ ವಾಹನಗಳ ಸಾಲಿನ ನಡುವೆ ನಿಂತು ಬಿಸಿಯಾದ ಕಾರು ಗೇರುಸೊಪ್ಪೆ ಘಾಟಿ ಹತ್ತಲೇ ಇಲ್ಲ. ಪ್ರಯಾಣಿಕರು ಇಳಿದು ಬೇರೆ ಗಾಡಿ ಹಿಡಿದರು.

ಗ್ಯಾರೇಜಿನ ದಿವಾಕರ ಬಾನೆಟ್ ಎತ್ತಿ ನೋಡಿದ. "ಮುಂದಿನ ಜಾಲರಿ ಹಿಂದೆ ಗಾಳಿ ಎಳೆಯೋ ಪೈಪಿನ ಬಾಯಿಗೇ ಹಾರ ಕಚ್ಕಂಡದೆ ಅಣ್ಣಪ್ಪಣ್ಣ. ತಂಪು ಗಾಳಿ ಸಿಗದೆ ಎಂಜಿನ್ ತನ್ನ ಬಿಸಿಯನ್ನೇ ಕುಡಿತದೆ. ಬಿಸಿ ಗಾಳೀಲಿ ಘಾಟಿ ಹತ್ತೋ ಜೋರು ಎಲ್ಲಿ ಬರ್ತದೆ? ಗಾಡಿ ನಿಂತಷ್ಟೂ ಕಾವು ಒಳಗೇ ಕೂರ್ತದೆ. ಹಾರ ತೆಗೀಬೇಕು."

"ಮುಟ್ಟಬೇಡ!" ಎಂದು ಗದರಿದ ಅಣ್ಣಪ್ಪ ಕೊನೆಗೆ ತಾನೇ ಗಂಟು ಬಿಚ್ಚಿದ.

ದಿವಾಕರ ಗಾಳಿ ಸೋಸುವ ಫಿಲ್ಟರ್ ಹೊರತೆಗೆದು, ಧೂಳು ಹಾರಿಸಲು ಗಾಳಿಯ ಪೈಪು ಹಿಡಿದ. ಫಿಲ್ಟರಿನಲ್ಲಿ ಒಣ ಎಸಳುಗಳ ನಡುವೆ ಒಂದು ಉದ್ದ ನರೆಗೂದಲು ಸಿಕ್ಕಿಕೊಂಡಿತ್ತು.

"ತಡಿಯಾ," ಎಂದ ಅಣ್ಣಪ್ಪ. ಎಸಳುಗಳ ನಡುವಿನಿಂದ ಹೊನ್ನಮ್ಮನ ಕೂದಲನ್ನು ಮೆಲ್ಲಗೆ ಬಿಡಿಸಿ, ಬಿಚ್ಚಿದ ಹಾರಕ್ಕೆ ಸುತ್ತಿದ.