ಕಲಿಯುವವರ ಇಳಿಜಾರು

ಐವತ್ತೆರಡನೆಯ ವಯಸ್ಸಿನಲ್ಲಿ ಸ್ಕೀಯಿಂಗ್ ಕಲಿಯುತ್ತೇನೆಂದಾಗ, ನ್ಯೂಜಿಲೆಂಡಿನ ಅಪ್ಪರ್ ಹಟ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೆಂಗಳೂರಿನ ಇಂಜಿನಿಯರ್ ನಕ್ಕಿದ್ದ. "ಇನ್ನೂ ಜೂನ್ ಆಂಟಿ, ಇಲ್ಲಿ ಚಳಿಗಾಲ ಈಗಷ್ಟೇ ಶುರು. ಪ್ರಾಪರ್ ಸ್ನೋ ಬೀಳೋ ತನಕ ವೇಟ್ ಮಾಡಿ." ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನಗೆ ರಜೆ ಸಿಕ್ಕಿದ್ದು ಆ ವಾರವೇ. ಕಾಯುವುದಿಲ್ಲ ಎಂದೆ. ಕೊನೆಗೆ ಅವನೇ ಕಾರಿನಲ್ಲಿ ಸ್ಕೀ ಬೆಟ್ಟಕ್ಕೆ ಕರೆದುಕೊಂಡು ಹೋದ.

ಜನರನ್ನು ಬೆಟ್ಟದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟ್‌ಗಳೆಲ್ಲ ಬಂದ್ ಆಗಿದ್ದವು. ಹಿಮ ಸಾಲದೆಂದು ಕೆಳಗೆ ಕಲಿಯುವವರ ಇಳಿಜಾರನ್ನಷ್ಟೇ ತೆರೆದಿದ್ದರು. ಅಲ್ಲಿದ್ದದ್ದೂ ಯಂತ್ರ ಉಗುಳಿದ ಹಿಮ. ಅಂಚಿನಲ್ಲಿ ಕಪ್ಪು ಕಲ್ಲುಗಳು ಇಣುಕುತ್ತಿದ್ದವು. ಇಂಜಿನಿಯರ್‌ನಂತೆ ವರ್ಷಗಟ್ಟಲೆ ಪಳಗಿದವರೂ ಗೊಣಗುತ್ತ ಅಲ್ಲೇ ಸಾಲು ನಿಂತಿದ್ದರು. ನಾನು ಮೂರು ಸಲ ಬಿದ್ದು, ಬಟ್ಟೆ ಒದ್ದೆ ಮಾಡಿಕೊಂಡು ಮತ್ತೆ ಸಾಲಿಗೆ ಬಂದೆ.

"ಆಂಟಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ನಾವು ಹೋಗ್ಬಿಡ್ತೀವಿ," ಎಂದ ಇಂಜಿನಿಯರ್ ನನ್ನ ಹಿಂದಿನಿಂದ. "ನೀವು ಮಧ್ಯದಲ್ಲಿ ಬಿದ್ರೆ ಎಲ್ರಿಗೂ ತೊಂದ್ರೆ."

ಕಾರಿನಲ್ಲಿ ಕೂರಿಸಿಕೊಂಡು ಬಂದವನಲ್ಲವೇ ಎಂಬ ದಾಕ್ಷಿಣ್ಯ ಒಂದು ಗಳಿಗೆ ಕಾಡಿತು. ಆದರೂ ನಾನು ಅಲ್ಲಾಡಲಿಲ್ಲ.

"ಇವತ್ತು ತೆಗೆದಿರೋದು ಕಲಿಯೋರ ಜಾಗ. ಬೀಳೋರು ಇಲ್ಲೇ ಬೀಳ್ಬೇಕು. ಪ್ರಾಪರ್ ಸ್ನೋ ಬೀಳೋ ತನಕ ನೀನೇ ವೇಟ್ ಮಾಡಪ್ಪ."