ಕಾಂಡದೊಳಗಿನ ಸದ್ದು

ಕಾಫಿ ಗಿಡದ ಕಾಂಡದೊಳಗೆ ಹುಳು ಕೊರೆಯುವ ಸದ್ದನ್ನು ಕಣ್ಣಿಗೆ ಕಾಣಿಸಬೇಕೆಂಬ ಹುಚ್ಚು ನನಗೆ ಹಿಡಿದದ್ದು ಅಕ್ಕನ ದೆಸೆಯಿಂದ. ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಅಕ್ಕ ಗೋಣಿಬೀಡಿನ ಹತ್ತಿರ ಸಣ್ಣದೊಂದು ಅರೇಬಿಕಾ ತೋಟ ನೋಡಿಕೊಂಡಿದ್ದಳು. ಭಾವ ತೀರಿಕೊಂಡ ವರ್ಷ ತಾನೇ ಚೀಲಗಳಿಗೆ ಮಣ್ಣು ತುಂಬಿ, ಸಸಿ ಎಬ್ಬಿಸಿ ನೆಟ್ಟ ತೋಟ. ಮಕ್ಕಳಿಲ್ಲದ ಅವಳಿಗೆ ಇದ್ದದ್ದು ಅದೊಂದೇ.

ದುಂಬಿ ಹಾರುವ ಕಾಲಕ್ಕೆ ಮುಂಚೆ ನಮ್ಮ ಕಡೆ ಬೋರರ್ ಟ್ರೇಸಿಂಗ್, ಅಂದರೆ ಕಾಂಡ ಕೊರೆಯುವ ಹುಳು ಹಿಡಿದ ಗಿಡ ಹುಡುಕುವ ಕೆಲಸ, ಮಾಡುತ್ತಾರೆ. ಒಂದೊಂದೇ ಗಿಡದ ಕಾಂಡ ಸವರಿ ನೋಡಿ, ತೊಗಟೆ ಉಬ್ಬಿದ್ದರೆ ಬಟ್ಟೆಚೂರು ಕಟ್ಟುವುದು. ಕಟ್ಟಿದ್ದನ್ನು ಹಿಂದಿನಿಂದ ಬರುವ ಆಳುಗಳು ಬುಡಸಮೇತ ಕಿತ್ತು ಸುಡುತ್ತಾರೆ. ಬಿಟ್ಟರೆ ಹುಳು ದುಂಬಿಯಾಗಿ ಹೊರಬಂದು ಪಕ್ಕದ ಗಿಡ ಹಿಡಿಯುತ್ತದೆ. ಟ್ರೇಸಿಂಗನ್ನು ಅಕ್ಕ ಯಾರಿಗೂ ಬಿಡುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಅವಳು ಒಂದು ಗಿಡಕ್ಕೂ ಬಟ್ಟೆ ಕಟ್ಟಿರಲಿಲ್ಲ, ಎಲೆ ಮಾತ್ರ ಹಳದಿಯಾಗುತ್ತಲೇ ಇತ್ತು. ಕಣ್ಣು ಮಂಜಾಗಿದೆ, ಹೇಳಿಕೊಳ್ಳಲು ಬಿಗುಮಾನ ಎಂದುಕೊಂಡೆ. ನಮ್ಮ ಮನೆ ಹೆಂಗಸರ ಬಿಗುಮಾನ ನನಗೆ ಹೊಸದಲ್ಲ, ನನ್ನ ಪಾಲಿಗೂ ಧಾರಾಳವಾಗಿಯೇ ಬಂದಿದೆ.

ಅವಳಿಗೆಂದು ನಾನು ಮಾಡಿದ ಪೆಟ್ಟಿಗೆ ದೊಡ್ಡದೇನಲ್ಲ. ಕಾಂಡಕ್ಕೆ ಒತ್ತಿ ಹಿಡಿದು ಸದ್ದು ಎತ್ತಿಕೊಳ್ಳುವ ಬಿಲ್ಲೆ, ಸಣ್ಣ ಆಂಪ್ಲಿಫೈಯರ್, ಒಂದು ಮೈಕ್ರೋಕಂಟ್ರೋಲರ್, ಮುಂದೆ ಎಲ್‌ಇಡಿ ದೀಪಗಳ ಕಂಬಗಳು. ಒಳಬಂದ ಸದ್ದನ್ನು ಬಿಡಿಸಿ, ದಪ್ಪ ಸದ್ದನ್ನು ಎಡಗಡೆಯ ಕಂಬಗಳಲ್ಲೂ ಕೀಚಲು ಸದ್ದನ್ನು ಬಲಗಡೆಯವುಗಳಲ್ಲೂ ತೋರಿಸುತ್ತದೆ. ಗಾಳಿಗೆ ಗಿಡ ಅಲ್ಲಾಡಿದರೆ ಎಡಗಡೆ ಬೆಳಕು. ಪಕ್ಕದ ಎಸ್ಟೇಟಿನಲ್ಲಿ ಆಗಷ್ಟೇ ಕಿತ್ತುಹಾಕಿದ್ದ ಗಿಡಕ್ಕೆ ಹಿಡಿದಾಗ ಬಲಗಡೆ ಬಿಟ್ಟುಬಿಟ್ಟು ಮಿಣುಕಿತು. ಹುಳು ಕಡಿಯುತ್ತಿತ್ತು. ನನ್ನ ಖುಷಿಗೆ ಮಿತಿಯಿರಲಿಲ್ಲ.

ಅಕ್ಕನ ತೋಟದಲ್ಲಿ ಮೊದಲ ಗಿಡಕ್ಕೆ ಹಿಡಿದೆ. ಎಲ್ಲ ಕಂಬಗಳೂ ಒಟ್ಟಿಗೆ ಎದ್ದವು, ಬಿದ್ದವು, ಮತ್ತೆ ಎದ್ದವು. ಮುಂದಿನ ಗಿಡಗಳಲ್ಲೂ ಅದೇ.

"ಅದು ಹುಳ ಅಲ್ಲ ಮಾರಾಯ್ತಿ, ಆನೆ ಬೇಲಿ" ಅಂದಳು ಅಕ್ಕ.

ನಿಜ. ಆನೆ ತಡೆಯುವ ಸೋಲಾರ್ ಬೇಲಿಯಲ್ಲಿ ಕರೆಂಟು ಮಿಡಿದು ಮಿಡಿದು ಹರಿಯುತ್ತದೆ, ನನ್ನ ವೈರು ಅದನ್ನೇ ಹಿಡಿದಿತ್ತು. ಹೋದ ಜೀವ ಬಂದ ಹಾಗಾಯಿತು. ಬೇಲಿ ಆಫ್ ಮಾಡಿ ನೋಡೋಣ ಅಂದೆ.

"ಬೇಡ ಕಣೆ. ಆನೆ ಬಂದ್ರೆ?"

ಮಟಮಟ ಮಧ್ಯಾಹ್ನ. ಅವಳ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ನಾನೇ ಹೋಗಿ ಆಫ್ ಮಾಡಿ ಬಂದೆ.

ಕಂಬಗಳು ಆರಿದವು. ಸ್ವಲ್ಪ ಹೊತ್ತಿಗೆ ಬಲತುದಿಯಲ್ಲಿ ಮಿಣುಕು, ಬಿಟ್ಟು ಇನ್ನೊಂದು. ಪಕ್ಕದ ಗಿಡದಲ್ಲೂ ಹಾಗೇ. ಸಾಲು ಮುಗಿಸಿದೆ, ಇನ್ನೊಂದು ಸಾಲು ಹಿಡಿದೆ. ಮಿಣುಕದ ಗಿಡ ಸಿಕ್ಕಲೇ ಇಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು.

"ಅಕ್ಕ, ನಿಂಗೆ ಕಣ್ಣು ಕಾಣ್ತಿಲ್ಲ. ನಾಳೆನೇ ಡಾಕ್ಟ್ರ ಹತ್ರ ಹೋಗೋಣ."

"ಕಣ್ಣಿಗೆ ಏನಾಗಿಲ್ಲ" ಅಂದಳು. "ಮೊದ್ಲು ನಾಕೈದು ಗಿಡಕ್ಕೆ ಹುಳ ಇತ್ತು ಅಷ್ಟೆ. ಬಟ್ಟೆ ಕಟ್ಟಿದ್ರೆ ಕಿತ್ತು ಹಾಕ್ತಾರಲ್ಲ ಅಂತ ಸುಮ್ನಾದೆ. ಆಮೇಲೆ ಹಬ್ಬಿಬಿಡ್ತು, ಕಟ್ಟೋಕೆ ಹೆದ್ರಿಕೆ ಆಯ್ತು."

ಅವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಚೂರುಗಳನ್ನು ತೆಗೆದು ನೋಡಿ, ಕೆಳಗೆ ಹಾಕಿದಳು.

"ಇನ್ನು ಗುರುತು ಯಾಕೆ, ಎಲ್ಲಾ ಕೀಳಿ ಅಂದ್ರಾಯ್ತು. ಆ ದಿನ ನೀನು ಬಾ. ಒಬ್ಳೇ ನಿಂತು ನೋಡಕ್ಕೆ ನನ್ ಕೈಲಾಗಲ್ಲ."