ಕಾಪುವಿನ ದಂಡೆಗೆ ಕತ್ತಲೆ ಬೇಕು

ಕಾಪು, ಅಮಾವಾಸ್ಯೆ, ಸಂಜೆ ಏಳೂವರೆ.

ಗದಗದಿಂದ ಬಸ್ಸು ಹತ್ತಿ ಬಂದದ್ದು ಒಂದೇ ಕಾರಣಕ್ಕೆ. ನನ್ನ ತಮ್ಮ ಬಸು ಇಲ್ಲಿ ಬಲೆ ಎಳೆಯುವ ತಂಡದಲ್ಲಿ ದುಡಿಯುತ್ತಿದ್ದ. "ಕತ್ತಲಾಗ ಮೀನಿನ ಹಿಂಡು ಬಂದ್ರ ನೀರು ಬೆಳ್ಳಗ ಹೊಳೀತೈತಿ ಅಕ್ಕಾ, ಒಮ್ಮೆ ಬಾ," ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದ. ನಾನು ಬರಲಿಲ್ಲ. ಮೂರು ತಿಂಗಳ ಹಿಂದೆ ಅವನು ಜ್ವರದಲ್ಲಿ ತೀರಿಕೊಂಡ.

ದಂಡೆಯಲ್ಲಿ ಕತ್ತಲೆಯೇ ಇಲ್ಲ. ಪ್ರವಾಸಿಗರಿಗೆಂದು ನಿಲ್ಲಿಸಿದ ಎತ್ತರದ ಕಂಬದಲ್ಲಿ ಎಂಟು ದೀಪಗಳು ಉರಿಯುತ್ತಿವೆ. ಅಲೆಗಳು ಆಸ್ಪತ್ರೆಯ ನೆಲದಂತೆ ಬಿಳಿಯಾಗಿವೆ. ಬಸುವಿನ ತಂಡದ ಹಿರಿಯರಾದ ಸುಂದರಣ್ಣ ತಲೆಗೆ ಬೈರಾಸು ಟವೆಲ್ಲು ಹೊದ್ದು, ಕಣ್ಣಿನ ಎರಡೂ ಪಕ್ಕ ಕೈ ಮರೆ ಹಿಡಿದು ನೀರು ನೋಡುತ್ತಿದ್ದರು. ಮೀನಿನ ಹೊಳಪು ಗುರುತಿಸಿ ಬಲೆ ಬಿಡಲು ಹೇಳುವುದು ಅವರ ಕೆಲಸ.

ಬಸುವಿನ ಅಕ್ಕ ಎಂದು ಹೇಳಿಕೊಂಡು, "ಏನರ ಕಾಣ್ತೈತೇನ್ರಿ?" ಎಂದೆ.

"ಮಣ್ಣಂಗಟ್ಟಿ ಕಾಣ್ತದೆ! ಅಮಾವಾಸ್ಯೆಗೆ ಒಂದು ಗಂಟೆಯಾದರೂ ಈ ದೀಪ ಆರಿಸಿ ಅಂತ ಎಷ್ಟು ಸಲ ಕೇಳಿದ್ದೇವೆ ಅಮ್ಮ. ಕತ್ತಲಾದರೆ ಜನ ಬರುವುದಿಲ್ಲವಂತೆ. ನಾವೆಂತ, ಜನ ಅಲ್ವಾ?"

ನನ್ನ ಮೈ ಉರಿಯಿತು. ತಮ್ಮ ನನಗೆ ತೋರಿಸಬೇಕೆಂದಿದ್ದುದು ಅದೊಂದೇ. ಅದನ್ನೂ ಈ ದೀಪ ಹಾಕಿದವರು ಅಳಿಸಿಬಿಟ್ಟಿದ್ದಾರೆ. ಯಾರನ್ನು ಕೇಳಿ ಅಳಿಸಿದರು?

"ನಿಮ್ಮ ತಮ್ಮ ಒಮ್ಮೆ ಆ ದೀಪಕ್ಕೆ ಕಲ್ಲು ಹೊಡೆದಿದ್ದ," ಸುಂದರಣ್ಣ ನಕ್ಕರು. "ತಾಗಲಿಲ್ಲ. ಗುರಿಯೇ ಇರಲಿಲ್ಲ ಮಾರಾಯನಿಗೆ."

ನಾನೂ ಕಾಲಡಿ ಕಲ್ಲು ಹುಡುಕಿದೆ. ಅಷ್ಟು ಬೆಳಕಿನಲ್ಲೂ ಬರೀ ಮರಳು ಕಂಡಿತು.